ನ್ಯೂಟ್ರಾನಿಗೆ ಎರಡು ಆಯುಸ್ಸು ಇದೆಯೇ?

ಪ್ರಶ್ನೆ: "ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದ್ವಿತೀಯ ಪಿಯು ಪಠ್ಯದಲ್ಲಿ ಮುಕ್ತ ನ್ಯೂಟ್ರಾನಿನ ಸರಾಸರಿ ಆಯುಸ್ಸು ಸುಮಾರು 1000 ಸೆಕೆಂಡು ಎಂದಿದೆ. ಹಳೆಯ ಗೈಡಿನಲ್ಲಿ 'ಹತ್ತು ನಿಮಿಷ' ಎಂದಿದೆ. ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ವಿಡಿಯೊ ತೋರಿಸಿ, 'ಬಾಟಲಿಯಲ್ಲಿಟ್ಟರೆ 878 ಸೆಕೆಂಡು, ಹರಿಯಬಿಟ್ಟರೆ 888 ಸೆಕೆಂಡು ಬದುಕುತ್ತದಂತೆ ಮೇಡಂ, ಉಳಿದದ್ದು ಡಾರ್ಕ್ ಮ್ಯಾಟರ್ ಆಗುತ್ತದಂತೆ' ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಯಾವ ಸಂಖ್ಯೆ ಕಲಿಸಲಿ? ಈ ವ್ಯತ್ಯಾಸ ನಿಜವೇ? ಕಾಲೇಜಿನ ಲ್ಯಾಬಿನಲ್ಲಿ ಏನಾದರೂ ಮಾಡಿ ತೋರಿಸಬಹುದೇ?"

ನಿಮ್ಮ ಗೊಂದಲ ಒಂದಲ್ಲ, ಮೂರು. ಹೆಸರಿನ ಗೊಂದಲ, ಸಂಖ್ಯೆಯ ಗೊಂದಲ, ಸಂಖ್ಯೆಗೆ ಕೊಟ್ಟ ಅರ್ಥದ ಗೊಂದಲ. ಮೊದಲನೆಯದನ್ನು ಈಗಲೇ ಮುಗಿಸಿಬಿಡೋಣ. ಗೈಡಿನ "ಹತ್ತು ನಿಮಿಷ" ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕಣಗಳು ಕ್ಷಯಿಸಲು ಬೇಕಾದ ಕಾಲ; ಪಠ್ಯದ 1000 ಸೆಕೆಂಡು ಸರಾಸರಿ ಆಯುಸ್ಸು. ಸರಾಸರಿ ಆಯುಸ್ಸನ್ನು 0.693ರಿಂದ ಗುಣಿಸಿದರೆ ಅರ್ಧಾಯುಷ್ಯ ಸಿಗುತ್ತದೆ. ಸರಾಸರಿ 878 ಸೆಕೆಂಡು ಎಂದರೆ 14 ನಿಮಿಷ 38 ಸೆಕೆಂಡು. ಅದರ ಅರ್ಧಾಯುಷ್ಯ 609 ಸೆಕೆಂಡು, ಅಂದರೆ 10 ನಿಮಿಷ 9 ಸೆಕೆಂಡು. ಎರಡೂ ಒಂದೇ ಮಾತು. ಪಠ್ಯದ 1000 ದುಂಡು ಸಂಖ್ಯೆ. 1959ರಲ್ಲಿ ಮಾಸ್ಕೋದ ಅಳತೆ 1013 ಸೆಕೆಂಡು ಕೊಟ್ಟಿತ್ತು. ಅದಕ್ಕೂ ಮೊದಲು, 1951ರಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ರಾಬ್ಸನ್ ಪಡೆದ ಅರ್ಧಾಯುಷ್ಯ 12.8 ನಿಮಿಷ, ಅದರಲ್ಲಿ 2.5 ನಿಮಿಷದಷ್ಟು ಅನಿಶ್ಚಿತತೆ. ಅಳತೆ ಹರಿತವಾದಂತೆ ಸಂಖ್ಯೆ ಇಳಿಯುತ್ತಾ ಬಂದಿದೆ. ಈ ಇಳಿತವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂಟಿ ನ್ಯೂಟ್ರಾನ್ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆ್ಯಂಟಿನ್ಯೂಟ್ರಿನೊ ಆಗಿ ಕ್ಷಯಿಸಲು ಕಾರಣ ಅದರ ತೂಕ. ಪ್ರೋಟಾನಿಗಿಂತ ಅದು 1.293 ಎಂಇವಿಯಷ್ಟು ಭಾರ (ಇವಿ ಎಂದರೆ ಎಲೆಕ್ಟ್ರಾನ್ ವೋಲ್ಟ್ ಎಂಬ ಶಕ್ತಿಯ ಅಳತೆ, ಎಂಇವಿ ಅದರ ಹತ್ತು ಲಕ್ಷ ಪಟ್ಟು). ಅದರಲ್ಲಿ 0.511 ಎಂಇವಿ ಎಲೆಕ್ಟ್ರಾನನ್ನು ಹುಟ್ಟಿಸಲು ಖರ್ಚಾದರೆ 0.782 ಎಂಇವಿ ಉಳಿಯುತ್ತದೆ. ಈ ಉಳಿಕೆಯನ್ನು ಎಲೆಕ್ಟ್ರಾನ್ ಮತ್ತು ಆ್ಯಂಟಿನ್ಯೂಟ್ರಿನೊ ಹಂಚಿಕೊಳ್ಳುತ್ತವೆ. ಪ್ರೋಟಾನಿಗೆ ಸಿಗುವುದು ಚಿಲ್ಲರೆ, ಹೆಚ್ಚೆಂದರೆ 750 ಇವಿ. ಅಳೆಯುವವರ ಕಷ್ಟ ಅರ್ಧ ಇಲ್ಲೇ ಇದೆ. ಅಷ್ಟು ದುರ್ಬಲ ಪ್ರೋಟಾನ್ ಯಾವ ಡಿಟೆಕ್ಟರಿನ ಮೇಲ್ಪದರವನ್ನೂ ತಾನಾಗಿ ದಾಟಲಾರದು.

ಈಗ ಸಂಖ್ಯೆಗೆ ಬರೋಣ. 878 ಮತ್ತು 888 ಎರಡೂ ನಿಜವಾದ ಪ್ರಯೋಗಗಳ ಫಲಿತಾಂಶಗಳೇ. ಆದರೆ "ಬಾಟಲಿಯಲ್ಲಿಟ್ಟರೆ ಬೇಗ ಸಾಯುತ್ತದೆ" ಎಂಬುದು ತಪ್ಪು. ತಾನು ಎಲ್ಲಿದ್ದೇನೆ ಎಂದು ನ್ಯೂಟ್ರಾನಿಗೆ ಗೊತ್ತಿಲ್ಲ. ಬೇರೆಯಾಗಿರುವುದು ಎಣಿಕೆಯ ವಿಧಾನ. ಒಂದರಲ್ಲಿ ಉಳಿದವರ ತಲೆ ಎಣಿಸುತ್ತಾರೆ, ಇನ್ನೊಂದರಲ್ಲಿ ಸತ್ತವರ ತಲೆ ಎಣಿಸುತ್ತಾರೆ. ಲೆಕ್ಕ ತಾಳೆಯಾಗುತ್ತಿಲ್ಲವೆಂದರೆ ಒಂದೋ ಉಳಿದವರ ಗುಂಪಿನಿಂದ ಯಾರೋ ಸಾಯದೆಯೇ ತಪ್ಪಿಸಿಕೊಂಡಿದ್ದಾರೆ, ಇಲ್ಲವೇ ಸತ್ತವರಲ್ಲಿ ಕೆಲವರು ಲೆಕ್ಕಕ್ಕೆ ಸಿಕ್ಕಿಲ್ಲ.

ಉಳಿದವರನ್ನು ಎಣಿಸುವುದು ಬಾಟಲಿ ವಿಧಾನ. ಸೆಕೆಂಡಿಗೆ ಏಳೆಂಟು ಮೀಟರಿಗಿಂತ ನಿಧಾನವಾದ ನ್ಯೂಟ್ರಾನ್‌ಗಳನ್ನು ಅತಿಶೀತಲ ನ್ಯೂಟ್ರಾನ್ ಎನ್ನುತ್ತಾರೆ. ಅವು ಕೆಲವು ವಸ್ತುಗಳ ಗೋಡೆಗೆ ಬಡಿದರೆ ಒಳನುಗ್ಗದೆ ಚೆಂಡಿನಂತೆ ಪುಟಿಯುತ್ತವೆ. ಒಂದು ಮೀಟರ್ ಮೇಲೇರಲು ಅವುಗಳಿಗೆ 102 ನ್ಯಾನೊ ಇವಿ ಶಕ್ತಿ ಬೇಕು, ಆದ್ದರಿಂದ ಭೂಮಿಯ ಗುರುತ್ವವೇ ಅವುಗಳಿಗೆ ಮುಚ್ಚಳ. ಹೀಗೆ ಕೂಡಿಹಾಕಬಹುದು ಎಂದು ಸೋವಿಯತ್ ಭೌತವಿಜ್ಞಾನಿ ಜೆಲ್ದೊವಿಚ್ 1959ರಲ್ಲಿ ಸೂಚಿಸಿದ್ದರು. ಪಾತ್ರೆಗೆ ತುಂಬು, ಸ್ವಲ್ಪ ಹೊತ್ತು ಬಿಟ್ಟು ಎಣಿಸು; ಮತ್ತೆ ತುಂಬು, ಬಹಳ ಹೊತ್ತು ಬಿಟ್ಟು ಎಣಿಸು; ಎರಡರ ಅನುಪಾತದಿಂದ ಆಯುಸ್ಸು. ಹೇಳಲು ಇಷ್ಟು ಸುಲಭ.

ಆದರೆ ಕೊಡದ ನೀರು ಆವಿಯಾಗುವ ವೇಗವನ್ನು ಅಳೆಯಬೇಕಾದರೆ ಕೊಡ ಸೋರುತ್ತಿಲ್ಲವೆಂಬ ಖಾತ್ರಿ ಮೊದಲು ಬೇಕು. ಪ್ರತಿ ಬಡಿತದಲ್ಲೂ ಗೋಡೆಯ ಹೈಡ್ರೋಜನ್ ಅಂಶ ಕೆಲವು ನ್ಯೂಟ್ರಾನ್‌ಗಳನ್ನು ನುಂಗುತ್ತದೆ, ಕೆಲವಕ್ಕೆ ಬಿಸಿ ಮುಟ್ಟಿಸಿ ಹೊರಗೋಡಿಸುತ್ತದೆ. ಕ್ಷಯದ ದರಕ್ಕೆ ಸೋರಿಕೆಯ ದರ ಕೂಡಿಕೊಳ್ಳುವುದರಿಂದ ಅಳತೆಗೆ ಸಿಗುವ ಆಯುಸ್ಸು ನಿಜಕ್ಕಿಂತ ಕಡಿಮೆ ಕಾಣುತ್ತದೆ. 887.7 ಸೆಕೆಂಡು ನಿಜವಾಗಿದ್ದು, ಸೋರಿಕೆಯಿಂದ 878.4 ಎಂದು ಕಾಣಬೇಕಾದರೆ ಆ ಸೋರಿಕೆ ಎಷ್ಟಿರಬೇಕು? ಎರಡರ ವಿಲೋಮಗಳನ್ನು ಕಳೆದು ನೋಡಿ: ಸೋರಿಕೆಯ ಕಾಲಮಾನ ಸುಮಾರು 84,000 ಸೆಕೆಂಡು, 23 ಗಂಟೆ. ಒಂದು ದಿನದಲ್ಲಿ ಬರಿದಾಗುವಷ್ಟು ನಿಧಾನದ ಸೋರಿಕೆ ಸಾಕು, ಹದಿನೈದು ನಿಮಿಷದ ಅಳತೆಯನ್ನು ಒಂಬತ್ತು ಸೆಕೆಂಡು ಕೆಡಿಸಲು.

ಇದು ಬರಿಯ ಊಹೆಯ ಭಯವಲ್ಲ. 1989ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಐಎಲ್ಎಲ್ ರಿಯಾಕ್ಟರಿನಲ್ಲಿ ನಡೆದ ಮ್ಯಾಂಬೊ ಪ್ರಯೋಗ, ಫಾಂಬ್ಲಿನ್ ಎಣ್ಣೆ ಬಳಿದ ಪೆಟ್ಟಿಗೆಯಿಂದ 887.6 ಎಂದಿತು. ಪೆಟ್ಟಿಗೆಯ ಗಾತ್ರ ಬದಲಿಸಿ, ಬಡಿತಗಳ ಸಂಖ್ಯೆ ಸೊನ್ನೆಯಾದರೆ ಏನು ಬರುತ್ತದೆಂದು ಲೆಕ್ಕ ಹಾಕಿದ ಸಂಖ್ಯೆ ಅದು. ಎಣ್ಣೆಯ ಮೇಲ್ಮೈಯ ಸಣ್ಣ ಕಂಪನಗಳು ನ್ಯೂಟ್ರಾನಿನ ಶಕ್ತಿಯನ್ನು ತುಸು ತುಸು ಬದಲಿಸುತ್ತವೆ ಎಂಬುದನ್ನು ಸೇರಿಸಿ 2012ರಲ್ಲಿ ಮರುಲೆಕ್ಕ ಮಾಡಿದಾಗ ಅದು 882.5ಕ್ಕೆ ಇಳಿಯಿತು. ಅದೇ ಐಎಲ್ಎಲ್‌ನಲ್ಲಿ ಸೆರೆಬ್ರೊವ್ ತಂಡ ತಣ್ಣನೆಯ ಲೇಪನದ ಪಾತ್ರೆಯಿಂದ 2005ರಲ್ಲಿ 878.5 ಎಂದಾಗ, ಆಗ ಎಲ್ಲರೂ ಒಪ್ಪಿದ್ದ 885.7ರ ಪಕ್ಕದಲ್ಲಿ ಅದನ್ನು ನಂಬಲು ಯಾರೂ ಸಿದ್ಧರಿರಲಿಲ್ಲ. ಹೀಗಾಗಿ ಬಾಟಲಿ ಪ್ರಯೋಗಗಳು ಮೊದಲಿನಿಂದಲೂ ಒಂದೇ ಸಂಖ್ಯೆ ಹೇಳುತ್ತಿದ್ದವು ಎಂದು ವಿದ್ಯಾರ್ಥಿಗಳಿಗೆ ಹೇಳಬೇಡಿ. ಹೇಳುತ್ತಿರಲಿಲ್ಲ.

ಗೋಡೆಯ ಕಾಟವೇ ಬೇಡವೆಂದು ಗೋಡೆಯನ್ನೇ ತೆಗೆದವರು ಅಮೆರಿಕದ ಲಾಸ್ ಅಲಮೋಸ್‌ನ ಯುಸಿಎನ್-ಟೌ ತಂಡ. ಅವರ ಪಾತ್ರೆ ಶಾಶ್ವತ ಕಾಂತಗಳನ್ನು ಸಾಲು ಜೋಡಿಸಿ ಮಾಡಿದ ದೊಡ್ಡ ಬೋಗುಣಿ. ಒಂದು ಟೆಸ್ಲಾ ಕ್ಷೇತ್ರ 60 ನ್ಯಾನೊ ಇವಿಯಷ್ಟು ತಡೆಯುತ್ತದೆ. ಸ್ಪಿನ್ ಸರಿಯಾದ ದಿಕ್ಕಿನಲ್ಲಿದ್ದರೆ ನ್ಯೂಟ್ರಾನ್ ಕಾಂತದ ಮೈಯನ್ನು ಮುಟ್ಟದೆಯೇ ತೇಲಿ ಹಿಂದಿರುಗುತ್ತದೆ. ಮೇಲ್ಗಡೆ ತೆರೆದೇ ಇರುತ್ತದೆ, ಗುರುತ್ವ ನೋಡಿಕೊಳ್ಳುತ್ತದೆ. ಇಲ್ಲಿಯೂ ಎರಡು ಕಡೆ ಎಡವಬಹುದು. ಕ್ಷೇತ್ರ ಎಲ್ಲಾದರೂ ಸೊನ್ನೆಗೆ ಹತ್ತಿರವಾದರೆ ಸ್ಪಿನ್ ಮಗುಚಿ ನ್ಯೂಟ್ರಾನ್ ಕಾಂತಕ್ಕೇ ಅಂಟುತ್ತದೆ, ಅದಕ್ಕಾಗಿ ಬೋಗುಣಿಯ ಸುತ್ತ ಸುರುಳಿಗಳಿಂದ ಇನ್ನೊಂದು ಕಾವಲು ಕ್ಷೇತ್ರ ಹಾಯಿಸುತ್ತಾರೆ. ಇನ್ನೊಂದು, ಬೋಗುಣಿಯ ಅಂಚನ್ನು ದಾಟುವಷ್ಟು ಶಕ್ತಿ ಇದ್ದೂ ದಾರಿ ಸಿಗದೆ ಸುತ್ತುತ್ತಿರುವ ಪುಂಡ ನ್ಯೂಟ್ರಾನ್‌ಗಳು. ಇವು ನಿಧಾನವಾಗಿ ಜಾರಿಹೋಗಿ ಕ್ಷಯದಂತೆ ಕಾಣುತ್ತವೆ. ಆದ್ದರಿಂದ ತುಂಬಿದ ಕೂಡಲೇ ತಳದಿಂದ 38 ಸೆಂ.ಮೀ. ಎತ್ತರದಲ್ಲಿ ಪಾಲಿಎಥಿಲೀನ್ ಹಾಳೆ ಹಿಡಿದು ಅಷ್ಟೆತ್ತರ ಜಿಗಿಯುವವನ್ನೆಲ್ಲ ಮೊದಲೇ ಗುಡಿಸಿಬಿಡುತ್ತಾರೆ. 38 ಸೆಂ.ಮೀ. ಎಂದರೆ ತಳದಲ್ಲಿ ಅವುಗಳ ವೇಗ ಸೆಕೆಂಡಿಗೆ ಹೆಚ್ಚೆಂದರೆ 2.7 ಮೀಟರ್, ಆರಾಮಾಗಿ ಓಡುವವರ ವೇಗ. ಬೋಗುಣಿಯನ್ನು ಬೇಕೆಂದೇ ಎರಡೂ ಬದಿ ಸಮವಿಲ್ಲದಂತೆ ಕಟ್ಟಿರುವುದೂ ಇದಕ್ಕಾಗಿ. ಸಮವಾಗಿದ್ದರೆ ಪುಂಡರು ಒಂದೇ ಹಾದಿ ಹಿಡಿದು ಹಾಳೆಗೆ ಸಿಗದೆ ಉಳಿದುಬಿಡುತ್ತಿದ್ದರು.

ಎಣಿಸುವಾಗ ಬೋರಾನ್-10 ಲೇಪಿಸಿದ ಸತು ಸಲ್ಫೈಡ್ ಹಲಗೆಯನ್ನು ಮೇಲಿನಿಂದ ಹಂತಹಂತವಾಗಿ ಬೋಗುಣಿಯೊಳಗೆ ಇಳಿಸುತ್ತಾರೆ. ಸಣ್ಣ ಕಾಯುವಿಕೆ 20 ಸೆಕೆಂಡು, ದೊಡ್ಡದು 1550 ಸೆಕೆಂಡು ಎಂದಿಟ್ಟುಕೊಂಡು ತರಗತಿಯಲ್ಲಿ ಈ ಲೆಕ್ಕ ಮಾಡಿಸಿ. ಮೊದಲ ಎಣಿಕೆಯಲ್ಲಿ 10,000 ಸಿಕ್ಕರೆ 1530 ಸೆಕೆಂಡು ಕಳೆದ ಮೇಲೆ ಎಷ್ಟು ಉಳಿಯುತ್ತವೆ? ಆಯುಸ್ಸು 878 ಆದರೆ 1751. ಆಯುಸ್ಸು 887.7 ಆದರೆ 1784. ವ್ಯತ್ಯಾಸ 33. ಆದರೆ 1751ರ ವರ್ಗಮೂಲ 42, ಅಂದರೆ ಎಣಿಕೆಯ ಸಹಜ ಏರಿಳಿತವೇ ನಾವು ಹುಡುಕುತ್ತಿರುವ ವ್ಯತ್ಯಾಸಕ್ಕಿಂತ ದೊಡ್ಡದು. ಇಂಥ ಒಂದು ಜೋಡಿ ಎಣಿಕೆಯಿಂದ ಆಯುಸ್ಸು 13 ಸೆಕೆಂಡಿನಷ್ಟು ಅನಿಶ್ಚಿತ. ಅದನ್ನು 0.3 ಸೆಕೆಂಡಿಗೆ ಇಳಿಸಲು ಸುಮಾರು 1900 ಜೋಡಿ ಬೇಕು. 2021ರಲ್ಲಿ ಆ ತಂಡ ಪ್ರಕಟಿಸಿದ ಬೆಲೆ 877.75, ಎಣಿಕೆಯ ಅನಿಶ್ಚಿತತೆ 0.28 ಸೆಕೆಂಡು, ಉಪಕರಣದ್ದು ಸುಮಾರು 0.2. ಕಾಯುವ ಸಮಯಗಳಿಗೆ ಗುಟ್ಟಾಗಿ ಒಂದು ಅಂತರ ಸೇರಿಸಿಟ್ಟು, ವಿಶ್ಲೇಷಣೆ ಮುಗಿಯುವ ತನಕ ಯಾರಿಗೂ ನಿಜಬೆಲೆ ಕಾಣದಂತೆ ಮಾಡಿದ್ದರು. ಇಷ್ಟು ಬಾರಿ ಬದಲಾದ ಸಂಖ್ಯೆಯ ವಿಷಯದಲ್ಲಿ ಈ ಎಚ್ಚರ ಅತ್ಯಗತ್ಯ ಎಂಬುದು ನನ್ನ ದೃಢ ಅಭಿಪ್ರಾಯ.

ಸತ್ತವರನ್ನು ಎಣಿಸುವ ವಿಧಾನಕ್ಕೆ ಮೇರಿಲ್ಯಾಂಡಿನ ಗೇಥರ್ಸ್‌ಬರ್ಗ್‌ನಲ್ಲಿರುವ ಅಮೆರಿಕದ ಮಾನಕಗಳ ಸಂಸ್ಥೆ ಎನ್ಐಎಸ್‌ಟಿಯ ಪ್ರಯೋಗವೇ ಮಾದರಿ. ಸೆಕೆಂಡಿಗೆ ಸಾವಿರ ಮೀಟರಿನ ಆಸುಪಾಸಿನ ಶೀತಲ ನ್ಯೂಟ್ರಾನ್ ಧಾರೆ ಉದ್ದನೆಯ ಬಲೆಯೊಂದರ ನಡುವೆ ಹಾದುಹೋಗುತ್ತದೆ. ಬಲೆ ಮೂವತ್ತು ಸೆಂ.ಮೀ. ಇದ್ದರೆ ನ್ಯೂಟ್ರಾನ್ ಅಲ್ಲಿರುವುದು 0.3 ಮಿಲಿಸೆಕೆಂಡು, ಅಷ್ಟರಲ್ಲಿ ಕ್ಷಯಿಸುವುದು ಸುಮಾರು ಮೂವತ್ತು ಲಕ್ಷದಲ್ಲಿ ಒಂದು. ಹುಟ್ಟಿದ ಪ್ರೋಟಾನನ್ನು 4.6 ಟೆಸ್ಲಾ ಕಾಂತಕ್ಷೇತ್ರ ಅಕ್ಕಪಕ್ಕ ಸರಿಯದಂತೆ ಹಿಡಿಯುತ್ತದೆ, ಎರಡೂ ತುದಿಯ 800 ವೋಲ್ಟ್ ಬಾಗಿಲು ಕಾಯುತ್ತದೆ. ಪ್ರೋಟಾನಿನ ಗರಿಷ್ಠ ಶಕ್ತಿ 750 ಇವಿ ಆದ್ದರಿಂದ 800 ವೋಲ್ಟ್ ಸಾಕು. ಹತ್ತು ಮಿಲಿಸೆಕೆಂಡು ಕೂಡಿಟ್ಟು, ಒಂದು ಬಾಗಿಲು ತೆರೆದು, ಸುಮಾರು 30 ಕಿಲೋವೋಲ್ಟ್ ಸೆಳೆತ ಕೊಟ್ಟು ಸಿಲಿಕಾನ್ ಡಿಟೆಕ್ಟರಿಗೆ ಬಡಿಸುತ್ತಾರೆ. ತುದಿಗಳಲ್ಲಿ ಕ್ಷೇತ್ರ ಬಾಗುವುದರಿಂದ ಬಲೆಯ ನಿಜವಾದ ಉದ್ದ ಇಷ್ಟೇ ಎಂದು ಹೇಳುವುದು ಕಷ್ಟ. ಅದಕ್ಕೊಂದು ಚೆಂದದ ಉಪಾಯವಿದೆ: ಬಲೆಯನ್ನು ಎರಡೆರಡು ಸೆಂ.ಮೀ.ಯ ಬಳೆಗಳಿಂದ ಕಟ್ಟಿ, ಬೇರೆ ಬೇರೆ ಸಂಖ್ಯೆಯ ಬಳೆಗಳಿಗೆ ಪ್ರೋಟಾನ್ ಎಣಿಸಿ ಗ್ರಾಫಿನ ಇಳಿಜಾರನ್ನು ಮಾತ್ರ ತೆಗೆದುಕೊಂಡರೆ ತುದಿಯ ದೋಷ ಕಳೆದುಹೋಗುತ್ತದೆ. ನಿಮ್ಮ ಲ್ಯಾಬಿನಲ್ಲಿ ಅನುನಾದ ಕೊಳವೆಯ ತುದಿ ತಿದ್ದುಪಡಿಯನ್ನು ಎರಡು ಉದ್ದ ತೆಗೆದುಕೊಂಡು ನಿವಾರಿಸುತ್ತೀರಲ್ಲ, ಅದೇ ಯುಕ್ತಿ.

ಇಲ್ಲಿ ನ್ಯೂಟ್ರಾನ್‌ಗಳನ್ನೂ ಪ್ರತ್ಯೇಕವಾಗಿ ಎಣಿಸಬೇಕು. ಧಾರೆಯ ದಾರಿಯಲ್ಲಿ ಲಿಥಿಯಂ-6 ಫ್ಲೂರೈಡಿನ ತೆಳು ಲೇಪವಿರುವ ಹಾಳೆ ಇಟ್ಟು, ಹೊರಬರುವ ಆಲ್ಫಾ ಮತ್ತು ಟ್ರಿಟಿಯಂ ಕಣಗಳನ್ನು ಎಣಿಸುತ್ತಾರೆ. ನಿಧಾನದ ನ್ಯೂಟ್ರಾನ್ ಬಲೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಲಿಥಿಯಂಗೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಸಿಕ್ಕಿಬೀಳುತ್ತದೆ. ಹೀಗಾಗಿ ವೇಗದ ಲೆಕ್ಕವೇ ಬೇಕಾಗುವುದಿಲ್ಲ. ಆದರೆ ಲೇಪ ಎಷ್ಟು ದಪ್ಪ, ಎಷ್ಟು ಪಾಲು ಎಣಿಕೆಗೆ ಸಿಗುತ್ತದೆ ಎಂಬುದು ಶೇ 0.1ಕ್ಕಿಂತ ನಿಖರವಾಗಿ ಗೊತ್ತಿರಬೇಕು. 2005ರ ಫಲಿತಾಂಶ 886.3ರಲ್ಲಿ 3.4 ಸೆಕೆಂಡು ಅನಿಶ್ಚಿತತೆ ಉಳಿದದ್ದು ಮುಖ್ಯವಾಗಿ ಇದರಿಂದ. ನಂತರ, ನ್ಯೂಟ್ರಾನ್‌ಗಳನ್ನೆಲ್ಲ ನುಂಗುವ ದಪ್ಪ ಬೋರಾನ್ ಗುರಿಯಿಂದ ಹೊಮ್ಮುವ ಗ್ಯಾಮಾ ಕಿರಣ ಎಣಿಸಿ ಆ ಹಾಳೆಯನ್ನು ಶೇ 0.06ರ ಮಟ್ಟಿಗೆ ತೂಗಿ ನೋಡಿದರು. 2013ರ 887.7 ಬಂದದ್ದು ಹೀಗೆ, ಅನಿಶ್ಚಿತತೆ ಒಟ್ಟು 2.2 ಸೆಕೆಂಡು. ಇದು ಹಳೆಯ ಪ್ರೋಟಾನ್ ಎಣಿಕೆಗೇ ಹೊಸ ತೂಕ ಹಾಕಿದ ಫಲಿತಾಂಶ, ಪ್ರೋಟಾನ್‌ಗಳನ್ನು ಮತ್ತೆ ಎಣಿಸಿಲ್ಲ. ವಿಡಿಯೊಗಳಲ್ಲಿ "ಬೀಮ್ ಪ್ರಯೋಗಗಳು" ಎಂದು ಬಹುವಚನದಲ್ಲಿ ಹೇಳುತ್ತಾರೆ. 888ರ ಭಾರವನ್ನು ಬಹುಮಟ್ಟಿಗೆ ಹೊತ್ತಿರುವುದು ಇದೊಂದೇ ಉಪಕರಣ.

ಹಾಗಾದರೆ ತಪ್ಪು ಎಲ್ಲಿ? ಪ್ರೋಟಾನ್‌ಗಳಲ್ಲಿ ನೂರಕ್ಕೆ ಒಂದು ಲೆಕ್ಕ ತಪ್ಪಿದರೂ 878 ಹೋಗಿ 887 ಆಗುತ್ತದೆ. ಬಲೆಯಲ್ಲಿ ಉಳಿದಿರುವ ಅನಿಲದ ಅಣುವೊಂದು ಪ್ರೋಟಾನಿಗೆ ಎಲೆಕ್ಟ್ರಾನ್ ಕೊಟ್ಟುಬಿಟ್ಟರೆ ಅದು ತಟಸ್ಥ ಹೈಡ್ರೋಜನ್ ಆಗಿ ಬಲೆಯಿಂದ ಜಾರುತ್ತದೆ. ಇದೇ ಕಾರಣವಿರಬಹುದೆಂದು ಕೆಲವರು ಲೆಕ್ಕ ಕೊಟ್ಟಿದ್ದಾರೆ, ಪ್ರಯೋಗ ಮಾಡಿದವರು ಅಷ್ಟು ಅನಿಲ ಅಲ್ಲಿರಲಿಲ್ಲ ಎಂದು ವಾದಿಸಿದ್ದಾರೆ. ಜಪಾನಿನ ಜೆ-ಪಾರ್ಕ್ ವೇಗವರ್ಧಕ ಕೇಂದ್ರದಲ್ಲಿ ಪ್ರೋಟಾನಿನ ಬದಲು ಎಲೆಕ್ಟ್ರಾನ್ ಎಣಿಸುತ್ತಾರೆ. ಅವರ 2020ರ ಬೆಲೆ 898, ಆದರೆ ಅನಿಶ್ಚಿತತೆ ಇಪ್ಪತ್ತರ ಹತ್ತಿರ. ಸುಧಾರಿಸಿದ ಅಳತೆ 877.2, ಅನಿಶ್ಚಿತತೆ ನಾಲ್ಕು ಸೆಕೆಂಡಿನ ಆಸುಪಾಸು. ಅದೂ ಧಾರೆಯ ವಿಧಾನವೇ, ಆದರೂ ಬಾಟಲಿಯ ಪಕ್ಕ ನಿಂತಿದೆ.

ಡಾರ್ಕ್ ಮ್ಯಾಟರ್ ಮಾತು 2018ರದ್ದು. ನೂರರಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗದೆ ಕಾಣದ ಕಣವಾಗಿ ಕ್ಷಯಿಸಿದರೆ ಎರಡೂ ಪ್ರಯೋಗ ಸರಿಯೇ ಆಗುತ್ತವೆ ಎಂದು ಫೋರ್ನಾಲ್ ಮತ್ತು ಗ್ರಿನ್‌ಸ್ಟೈನ್ ಸೂಚಿಸಿದರು. ತರ್ಕ ಸೊಗಸಾಗಿದೆ, ಪುರಾವೆ ಇಲ್ಲ. ಜೊತೆಗೆ ಹೊರಡಬೇಕಾದ ಗ್ಯಾಮಾ ಕಿರಣವನ್ನು ಅದೇ ವರ್ಷ ಲಾಸ್ ಅಲಮೋಸ್‌ನಲ್ಲಿ ಹುಡುಕಿದರು, ಸಿಗಲಿಲ್ಲ. ಹಾಗೇ ನಡೆಯುತ್ತಿದ್ದರೆ ನ್ಯೂಟ್ರಾನ್ ನಕ್ಷತ್ರಗಳು ಈಗಿರುವಷ್ಟು ಭಾರ ತಾಳುತ್ತಿರಲಿಲ್ಲ ಎಂಬ ಆಕ್ಷೇಪವೂ ಇದೆ. ಇನ್ನೊಂದು ಅಡ್ಡತನಿಖೆ: ಕ್ಷಯದಲ್ಲಿ ಹುಟ್ಟುವ ಎಲೆಕ್ಟ್ರಾನ್, ನ್ಯೂಟ್ರಾನಿನ ಸ್ಪಿನ್ ದಿಕ್ಕಿನ ಯಾವ ಕಡೆ ಹೆಚ್ಚು ಚಿಮ್ಮುತ್ತದೆಂದು ಅಳೆದ ಪರ್ಕಿಯೊ-3 ಪ್ರಯೋಗದ 2019ರ ಬೆಲೆಯನ್ನು ಸಿದ್ಧಾಂತದ ಸೂತ್ರಕ್ಕೆ ಹಾಕಿದರೆ 879 ಸೆಕೆಂಡಿನ ಆಸುಪಾಸು ಬರುತ್ತದೆ. ಪ್ರೋಟಾನಿನ ಶಕ್ತಿ ಅಳೆದ ಏಸ್ಪೆಕ್ಟ್ ಪ್ರಯೋಗದ ಬೆಲೆ ಹಾಕಿದರೆ 889 ಬರುತ್ತದೆ, ಆದರೆ ಅದರ ಅನಿಶ್ಚಿತತೆ ದೊಡ್ಡದು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ.

ಕಲಿಸಲು ನಿಮ್ಮ ಮುಂದೆ ಮೂರು ದಾರಿಗಳಿವೆ. ಪರೀಕ್ಷೆಗೆ ಪಠ್ಯದ "ಸುಮಾರು 1000 ಸೆಕೆಂಡು" ಹಾಗೇ ಇರಲಿ. ಬೇರೆ ಬರೆಸಿದರೆ ಅಂಕ ಹೋಗುವ ಅಪಾಯ ಮಕ್ಕಳಿಗೇ. ತರಗತಿಯಲ್ಲಿ ಒಂದೇ ಸಂಖ್ಯೆ ಬೇಕೆಂದರೆ 878.4 ಎನ್ನಿ. ಕಣ ಭೌತಶಾಸ್ತ್ರದ ಅಂತಾರಾಷ್ಟ್ರೀಯ ಪಟ್ಟಿ 2022ರಲ್ಲಿ ಕೊಟ್ಟ ಬೆಲೆ ಇದು, ಅನಿಶ್ಚಿತತೆ 0.5. ಆದರೆ ಆ ಸರಾಸರಿಗೆ ಪ್ರೋಟಾನ್ ಎಣಿಕೆಯನ್ನು ಸೇರಿಸಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಜಗಳವೇ ಇಲ್ಲವೆಂಬ ತಪ್ಪು ಭಾವನೆ ಬರುತ್ತದೆ. ಮೂರನೆಯದು ಎರಡನ್ನೂ ಕೂಡಿಸಿ 883 ಎನ್ನುವುದು. ಅದನ್ನು ಮಾತ್ರ ಮಾಡಬೇಡಿ. ಒಂದು ತಪ್ಪು, ಒಂದು ಸರಿ ಇದ್ದರೆ ಸರಾಸರಿ ಖಂಡಿತ ತಪ್ಪು.

ಲ್ಯಾಬಿನ ವಿಷಯ. ನಿಜವಾದ ನ್ಯೂಟ್ರಾನ್ ಕ್ಷಯವನ್ನು ಕಾಲೇಜಿನಲ್ಲಿ ತೋರಿಸಲಾಗದು. ನ್ಯೂಟ್ರಾನ್ ಆಕರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಪರವಾನಗಿ ಸಿಕ್ಕರೂ ನೀರಿನಲ್ಲಿ ನಿಧಾನವಾದ ನ್ಯೂಟ್ರಾನನ್ನು ಹೈಡ್ರೋಜನ್ 0.2 ಮಿಲಿಸೆಕೆಂಡಿನಲ್ಲೇ ನುಂಗಿಬಿಡುತ್ತದೆ. ಆದರೆ ಈ ಜಗಳದ ತಿರುಳನ್ನು ಒಂದು ಬ್ಯುರೆಟ್ಟಿನಲ್ಲಿ ತೋರಿಸಬಹುದು.

50 ಮಿ.ಲೀ. ಬ್ಯುರೆಟ್ಟಿನ ತುದಿಗೆ ರಬ್ಬರ್ ಕೊಳವೆಯಿಂದ ಟಿ ಆಕಾರದ ಕವಲು ಕೊಳವೆ ಜೋಡಿಸಿ. ಟಿಯ ಒಂದು ಕೈಗೆ 0.5 ಮಿ.ಮೀ. ರಂಧ್ರದ, 14 ಸೆಂ.ಮೀ. ಉದ್ದದ ಗಾಜಿನ ಲೋಮನಾಳವನ್ನು ಅಡ್ಡಲಾಗಿ ಸೇರಿಸಿ, ಇನ್ನೊಂದು ಕೈಗೆ ಅಷ್ಟೇ ಉದ್ದದ 0.3 ಮಿ.ಮೀ. ನಾಳ. ಅಗಲ ಬಾಯಿಯ ಎರಡು ತಟ್ಟೆಗಳಲ್ಲಿ ಒಂದೇ ಮಟ್ಟಕ್ಕೆ ನೀರು ಹಾಕಿ, ಎರಡೂ ನಾಳಗಳ ತುದಿಯನ್ನು ಅದರಲ್ಲಿ ಮುಳುಗಿಸಿ. ದೊಡ್ಡ ನಾಳದ ತಟ್ಟೆ ಮಾತ್ರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿರಲಿ. ತುದಿ ಗಾಳಿಯಲ್ಲಿದ್ದರೆ ಹನಿಯ ಮೇಲ್ಮೈ ಎಳೆತ ಕೊನೆಕೊನೆಗೆ ಹರಿವನ್ನು ತಡೆದು ಗ್ರಾಫ್ ಬಾಗುತ್ತದೆ. ಎತ್ತರವನ್ನು ಬ್ಯುರೆಟ್ಟಿನ ಗುರುತಿನಿಂದಲ್ಲ, ತಟ್ಟೆಯ ನೀರಿನ ಮಟ್ಟದಿಂದ ಸೆಂ.ಮೀ.ನಲ್ಲಿ ಅಳೆಯಿರಿ.

ಮೊದಲು ಸಣ್ಣ ನಾಳವನ್ನು ಕ್ಲಿಪ್ಪಿನಿಂದ ಮುಚ್ಚಿ, 30 ಸೆಕೆಂಡಿಗೊಮ್ಮೆ ಎತ್ತರ ಬರೆದುಕೊಳ್ಳಿ. ಎತ್ತರದ ಲಾಗರಿದಂ ಮತ್ತು ಕಾಲದ ಗ್ರಾಫ್ ಸರಳರೇಖೆಯಾಗಬೇಕು, ಕಾಲಮಾನ 880 ಸೆಕೆಂಡಿನ ಸುತ್ತಮುತ್ತ ಬರುತ್ತದೆ. ರಂಧ್ರದ ವ್ಯಾಸ ನಾಲ್ಕನೇ ಘಾತದಲ್ಲಿ ಕೆಲಸ ಮಾಡುವುದರಿಂದ ಶೇ 5ರ ವ್ಯತ್ಯಾಸ ಉತ್ತರವನ್ನು ಶೇ 20 ಬದಲಿಸಿಬಿಡುತ್ತದೆ, ಗಾಬರಿ ಬೇಡ. ಆಮೇಲೆ ಕ್ಲಿಪ್ ತೆಗೆದು ಮತ್ತೆ ತುಂಬಿ. ಬ್ಯುರೆಟ್ಟಿನ ಮಟ್ಟ ಈಗ ಬೇಗ ಇಳಿಯುತ್ತದೆ, ಕಾಲಮಾನ 780ರ ಹತ್ತಿರ. ಉಳಿದವರ ಲೆಕ್ಕ ಇದು. ತಕ್ಕಡಿಯಲ್ಲಿ ನಿಮಿಷಕ್ಕೆ ಸೇರಿದ ನೀರಿನಿಂದ, ಆ ಹೊತ್ತಿಗೆ ತಟ್ಟೆಯ ಮಟ್ಟಕ್ಕಿಂತ ಮೇಲಿರುವ ನೀರನ್ನು ಭಾಗಿಸಿ, 60ರಿಂದ ಗುಣಿಸಿ ಸೆಕೆಂಡಿಗೆ ತಂದು ನೋಡಿ, 880ರ ಆಸುಪಾಸೇ ಬರುತ್ತದೆ. ಸತ್ತವರ ಲೆಕ್ಕ ಅದು. ಅದೇ ನೀರು, ಅದೇ ಬ್ಯುರೆಟ್, ಎರಡು "ಆಯುಸ್ಸು". ಎರಡನೇ ತಟ್ಟೆಯನ್ನು ರಟ್ಟಿನ ಹಿಂದೆ ಅಡಗಿಸಿಟ್ಟು ನಿಮ್ಮ ವಿದ್ಯಾರ್ಥಿಗೆ ಎರಡು ಸಂಖ್ಯೆಗಳನ್ನಷ್ಟೇ ಕೊಡಿ, ನೀರು ಎಲ್ಲಿ ಹೋಯಿತೆಂದು ಅವನೇ ಹುಡುಕಲಿ. ಎರಡೂ ಸುತ್ತುಗಳನ್ನು ಒಂದೇ ಬಕೆಟ್ಟಿನ ನೀರಿನಿಂದ, ಬೆನ್ನುಬೆನ್ನಿಗೆ ಮಾಡಿಸಿ. ನೀರು ಒಂದು ಡಿಗ್ರಿ ಬಿಸಿಯಾದರೆ ಕಾಲಮಾನ ಸುಮಾರು ಶೇ 2 ಇಳಿಯುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಾಡಿದರೆ ಸೋರಿಕೆ ಯಾವುದು, ಬಿಸಿಲು ಯಾವುದು ಎಂದು ಬಿಡಿಸಲಾಗದು.